ಕಲಿತ ಭಯ, ಕಲಿತ ಧೈರ್ಯ

ಏಳನೇ ತರಗತಿಯಲ್ಲಿದ್ದಾಗ ಹೋಬಳಿ ಮಟ್ಟದ ಭಾಷಣ ಸ್ಪರ್ಧೆಗೆ ನಮ್ಮ ಶಾಲೆಯಿಂದ ನನ್ನನ್ನು ಕಳಿಸಿದ್ದರು. ವಿಷಯ ‘ಜಲ ಸಂರಕ್ಷಣೆ’. ಮೇಷ್ಟ್ರು ಬರೆದುಕೊಟ್ಟ ಎರಡು ಪುಟವನ್ನು ಎಮ್ಮೆ ಮೇಯಿಸುವಾಗ, ಪಾತ್ರೆ ತೊಳೆಯುವಾಗ, ರಾತ್ರಿ ಮಲಗಿ ಸೂರು ನೋಡುವಾಗ ಹೇಳಿಕೊಂಡು ಬಾಯಿಪಾಠ ಮಾಡಿದ್ದೆ. ಮೈಕಿನ ಮುಂದೆ ನಿಂತು ‘ನಮ್ಮ ಹಳ್ಳಿಯ ಹಳ್ಳದಲ್ಲಿ ಹಿಂದೆ ವರ್ಷವಿಡೀ ನೀರು ಹರಿಯುತ್ತಿತ್ತು’ ಎಂದು ಶುರುಮಾಡಬೇಕಿತ್ತು. ನನ್ನ ಬಾಯಿಂದ ಬಂದದ್ದು ‘ನಮ್ಮ ಅಳ್ಳಿಯ ಅಳ್ಳದಲ್ಲಿ ಇಂದೆ ವರ್ಷವಿಡೀ ನೀರು ಅರಿಯುತ್ತಿತ್ತು.’

ಮೊದಲು ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲ್ ನಕ್ಕಿತು. ತೀರ್ಪುಗಾರರಲ್ಲಿ ಒಬ್ಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಯಾಕೆ ನಗುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ನಮ್ಮೂರಿನಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು. ಎರಡನೇ ವಾಕ್ಯ ನೆನಪಿಗೆ ಬರಲಿಲ್ಲ. ಇಳಿದು ಬಂದೆ. ಮನೆಗೆ ಹೋದಾಗ ಅವ್ವ ‘ಯಾಕವ್ವಾ, ಪ್ರೈಜ್ ಬರ್ನಿಲ್ವಾ?’ ಎಂದಳು. ‘ಗಂಟ್ಲು ಕಟ್ಟಿತ್ತು’ ಅಂದೆ. ಮುಂದಿನ ಹದಿನೈದು ವರ್ಷ ಅದೇ ಸುಳ್ಳು ನನ್ನನ್ನು ಕಾಪಾಡಿತು.

ಹೈಸ್ಕೂಲಿನಲ್ಲಿ ಪ್ರಾರ್ಥನೆಯ ಸರದಿ ಬಂದ ದಿನ ರಜೆ ಹಾಕಿದೆ. ಬಿ.ಎ.ಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತಲಿಲ್ಲ. ಎಂ.ಎ.ಯಲ್ಲಿ ಸೆಮಿನಾರಿನ ದಿನ ಪ್ರಬಂಧವನ್ನು ಮುದ್ದಾಗಿ ಬರೆದು ಕೊಟ್ಟು, ‘ಗಂಟಲು ಕಟ್ಟಿದೆ ಸರ್, ಓದಿಕೊಳ್ಳಿ’ ಎಂದು ಬೇಡಿಕೊಂಡೆ. ಬರೆದದ್ದು ಚೆನ್ನಾಗಿರುತ್ತಿದ್ದುದರಿಂದ ಬಿಟ್ಟುಬಿಡುತ್ತಿದ್ದರು. ಪಿಎಚ್.ಡಿ.ಗೆ ಸೇರಿದ ಮೇಲೆ ಈ ಉಪಾಯ ನಡೆಯಲಿಲ್ಲ. ಸಂಶೋಧನಾ ಯೋಜನೆಯನ್ನು ವಿಭಾಗದ ಎಲ್ಲರೆದುರು ನಿಂತು ಮಂಡಿಸಲೇಬೇಕು. ದಿನಾಂಕ ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಅಂಗೈ ತಣ್ಣಗಾಗಿ, ಎದೆ ಹೊಡೆದುಕೊಳ್ಳುತ್ತಿತ್ತು. ಸಂಶೋಧನೆಯನ್ನೇ ಬಿಟ್ಟು ಊರಿಗೆ ಹೋಗುವ ಲೆಕ್ಕವನ್ನೂ ಹಾಕಿದೆ.

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಮನಶ್ಶಾಸ್ತ್ರದ ವಿದ್ಯಾರ್ಥಿನಿ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಎಲ್ಲವನ್ನೂ ಕೇಳಿಸಿಕೊಂಡು ಅವಳು ಹೇಳಿದ ಮಾತು ಒಂದೇ: ‘ಅಕ್ಕಾ, ನೀವು ಇದನ್ನ ಸ್ವಭಾವ ಅಂದ್ಕೊಂಡಿದ್ದೀರಿ. ಇದು ನೀವು ಕಲಿತ ಪಾಠ. ಚೆನ್ನಾಗಿ ಕಲಿತಿದ್ದೀರಿ ಅಷ್ಟೇ.’

ಭಯವನ್ನು ಯಾರಾದರೂ ಕಲಿಯುತ್ತಾರೆಯೇ? ಅವಳ ಪುಸ್ತಕಗಳ ಪ್ರಕಾರ ಹೌದು. ರಷ್ಯಾದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದವನು. ಆಹಾರ ಬಾಯಿಗೆ ಬೀಳುವ ಮೊದಲೇ, ಅದರ ಸೂಚನೆ ಸಿಕ್ಕರೆ ಸಾಕು, ಅವನ ನಾಯಿಗಳಿಗೆ ಜೊಲ್ಲು ಬರುತ್ತಿತ್ತು. ಮೆಟ್ರೊನೋಮ್ ಸದ್ದಿನ ಹಿಂದೆಯೇ ಊಟ ಕೊಡುತ್ತ ಹೋದರೆ ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಯುತ್ತದೆ. ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಇದನ್ನೇ ಭಯಕ್ಕೆ ಅನ್ವಯಿಸಿ 1920ರಲ್ಲಿ ವರದಿ ಪ್ರಕಟಿಸಿದರು. ಹನ್ನೊಂದು ತಿಂಗಳ ಮಗುವೊಂದು ಬಿಳಿ ಇಲಿಯನ್ನು ಮುಟ್ಟಲು ಹೋದಾಗ ಅದರ ಬೆನ್ನ ಹಿಂದೆ ಕಬ್ಬಿಣದ ಸರಳನ್ನು ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಮೇಲೆ ಇಲಿಯನ್ನು ಕಂಡರೇ ಮಗು ಅತ್ತಿತು. ಮೊಲ ಕಂಡರೂ ಅತ್ತಿತು. ವರದಿಯಲ್ಲಿ ಆಲ್ಬರ್ಟ್ ಎಂದು ಕರೆಸಿಕೊಂಡ ಆ ಮಗುವಿನ ಭಯವನ್ನು ಬಿಡಿಸದೆಯೇ ಪ್ರಯೋಗ ಮುಗಿದುಹೋಯಿತು.

ಓದುತ್ತ ನನಗೆ ಮೈ ಜುಮ್ಮೆಂದಿತು. ನನ್ನ ಪಾಲಿಗೆ ಮೈಕು ಬಿಳಿ ಇಲಿ, ನಗು ಕಬ್ಬಿಣದ ಸದ್ದು. ಆಲ್ಬರ್ಟನ ಭಯ ಮೊಲಕ್ಕೆ ಹಬ್ಬಿದಂತೆ ನನ್ನದು ಮೈಕಿನಿಂದ ತರಗತಿಗೆ, ತರಗತಿಯಿಂದ ಬಸ್ಸಿನಲ್ಲಿ ‘ಹೋಲ್ಡಾನ್’ ಎಂದು ಕೂಗುವುದಕ್ಕೂ ಹಬ್ಬಿತ್ತು.

ಆದರೆ ಒಂದು ದಿನದ ನಗು ಹದಿನೈದು ವರ್ಷ ಬಾಳುವುದು ಹೇಗೆ? ಇದಕ್ಕೆ 1947ರಲ್ಲಿ ಹೋಬರ್ಟ್ ಮೌರರ್ ಎಂಬ ಮನಶ್ಶಾಸ್ತ್ರಜ್ಞ ಕೊಟ್ಟ ವಿವರಣೆ ಸರಳವಾಗಿದೆ. ಭಯ ಹುಟ್ಟುವುದು ಪಾವ್ಲೋವನ ದಾರಿಯಲ್ಲಿ. ಉಳಿಯುವುದು ಇನ್ನೊಂದು ದಾರಿಯಲ್ಲಿ. ಹೆದರಿದವರು ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಂಡ ಕೂಡಲೇ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ಬಹುಮಾನ ಸಿಕ್ಕ ಕೆಲಸವನ್ನು ನಾಯಿಯೂ ಮತ್ತೆ ಮಾಡುತ್ತದೆ, ಮನುಷ್ಯನೂ ಮತ್ತೆ ಮಾಡುತ್ತಾನೆ. ಸ್ಕಿನ್ನರ್ ಬಳಸಿದ ಪರಿಭಾಷೆಯಲ್ಲಿ ಇದು ನಕಾರಾತ್ಮಕ ಪುನರ್ಬಲನ: ನೋವೊಂದು ತೊಲಗುವುದೇ ನಡವಳಿಕೆಯನ್ನು ಗಟ್ಟಿಮಾಡುತ್ತದೆ. ‘ಗಂಟಲು ಕಟ್ಟಿದೆ ಸರ್’ ಎಂದಾಗಲೆಲ್ಲ ನಾನು ಭಯದಿಂದ ಪಾರಾಗುತ್ತಿದ್ದೇನೆ ಎಂದುಕೊಂಡಿದ್ದೆ. ನಿಜದಲ್ಲಿ ಅದಕ್ಕೆ ಮೇವು ಹಾಕುತ್ತಿದ್ದೆ. ಜನ ಈಗ ನಗುವುದಿಲ್ಲ ಎಂದು ತಿಳಿಯಲು ಜನರ ಮುಂದೆ ನಿಂತಿರಬೇಕಿತ್ತಲ್ಲ? ನಾನು ನಿಲ್ಲಲೇ ಇಲ್ಲ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆಯ ಎರಡೂ ತುಂಡುಗಳಲ್ಲಿರುವುದು ಒಂದೇ ತತ್ವ ಎಂದು ಅಂದು ಹೊಳೆಯಿತು.

ಕಲಿತದ್ದನ್ನು ಕಳಚಬಹುದು ಎಂಬುದಕ್ಕೂ ಇದೇ ಶಾಸ್ತ್ರದಲ್ಲಿ ದಾರಿಯಿದೆ. ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಬರೆದಳು. ಅವನಿಗೆ ಮೊಲವೆಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಪೀಟರ್ ಮೊಲವನ್ನು ಮುದ್ದಿಸಿದ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರ ತನ್ನ ಪುಸ್ತಕದಲ್ಲಿ ಈ ಬಗೆಯ ಚಿಕಿತ್ಸೆಗೆ ಒಂದು ವ್ಯವಸ್ಥೆ ಕೊಟ್ಟ. ಮೊದಲು ಮೈ ಸಡಿಲಿಸುವುದನ್ನು ಕಲಿಯಬೇಕು. ಆಮೇಲೆ ಭಯದ ಸಂದರ್ಭಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಏಣಿಯಂತೆ ಜೋಡಿಸಬೇಕು. ಮೈ ಸಡಿಲವಾಗಿರುವಾಗಲೇ ಒಂದೊಂದನ್ನೂ ಮನಸ್ಸಿನಲ್ಲಿ ತಂದುಕೊಳ್ಳುತ್ತ ಮೇಲೇರಬೇಕು. 1966ರಲ್ಲಿ ಗಾರ್ಡನ್ ಪಾಲ್ ಈ ವಿಧಾನವನ್ನು ಪರೀಕ್ಷಿಸಿದ್ದು ನನ್ನಂಥವರ ಮೇಲೆಯೇ: ಭಾಷಣಕಲೆಯ ತರಗತಿಗೆ ಸೇರಿ, ಭಾಷಣಕ್ಕೆ ಹೆದರುತ್ತಿದ್ದ ವಿದ್ಯಾರ್ಥಿಗಳ ಮೇಲೆ. ಭಯದ ಮೂಲವನ್ನು ಕೆದಕಿ ಮಾತಾಡಿಸುವ ಚಿಕಿತ್ಸೆಗಿಂತ ಏಣಿಯ ವಿಧಾನವೇ ಹೆಚ್ಚು ಫಲ ಕೊಟ್ಟಿತು.

ನಾವೂ ಒಂದು ಏಣಿ ಬರೆದೆವು. ಮೊದಲ ಮೆಟ್ಟಿಲು, ಬಾಗಿಲು ಹಾಕಿಕೊಂಡು ಒಂದು ಪುಟ ಗಟ್ಟಿಯಾಗಿ ಓದುವುದು. ಎರಡನೆಯದು, ಅದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು. ಮೂರನೆಯದು, ಅವಳೊಬ್ಬಳ ಎದುರು ಓದುವುದು. ನಾಲ್ಕನೆಯದು, ಮೆಸ್ಸಿನ ಮೇಜಿನಲ್ಲಿ ಐದು ಜನರಿಗೆ ನನ್ನ ಸಂಶೋಧನೆ ಏನೆಂದು ಹೇಳುವುದು. ಐದನೆಯದು, ಖಾಲಿ ಸೆಮಿನಾರ್ ಹಾಲಿನಲ್ಲಿ ಮೈಕು ಹಿಡಿಯುವುದು. ಆರನೆಯದು, ವಿಭಾಗದ ವಾರದ ಗೋಷ್ಠಿಯಲ್ಲಿ ಎರಡು ನಿಮಿಷ ಮಾತಾಡುವುದು. ಹತ್ತನೆಯದು ಮಂಡನೆ. ವೋಲ್ಪೆ ಕಲ್ಪನೆಯಲ್ಲಿ ಹತ್ತಿಸಿದ ಏಣಿಯನ್ನು ನಾವು ನೆಲದ ಮೇಲೇ ಇಟ್ಟೆವು. ಒಂದು ಮೆಟ್ಟಿಲು ಬೇಸರ ತರಿಸುವಷ್ಟು ರೂಢಿಯಾದ ಮೇಲೆಯೇ ಮುಂದಿನದು ಎಂದು ನಿಯಮ.

ಐದರವರೆಗೆ ಸರಾಗವಾಗಿ ಹೋಯಿತು. ಆರನೆಯದರಲ್ಲಿ ನನ್ನ ಹೆಸರು ಕರೆಯುವ ಮೊದಲೇ ‘ಮನೆಯಿಂದ ಫೋನ್’ ಎಂದು ಹೊರಗೆ ಓಡಿಬಂದೆ. ಎರಡು ತಿಂಗಳ ಕೆಲಸ ಹಾಳಾಯಿತೆಂದು ಅತ್ತೆ. ಅವಳು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಮೆಟ್ಟಿಲು ಎತ್ತರ ಆಯ್ತು ಅಕ್ಕಾ, ನಿಮ್ಮ ಕಾಲು ಗಿಡ್ಡ ಅಲ್ಲ. ನಡುವೆ ಇನ್ನೊಂದು ಮೆಟ್ಟಿಲು ಹಾಕೋಣ’ ಎಂದಳು. ಆರಿದ ಪ್ರತಿಕ್ರಿಯೆ ಕೆಲಕಾಲ ಬಿಟ್ಟು ತಾನಾಗಿ ಮರಳುವುದನ್ನು ಪಾವ್ಲೋವನೇ ಗಮನಿಸಿದ್ದ. ಹಳೆಯ ಪಾಠ ಅಳಿಸಿಹೋಗುವುದಿಲ್ಲ. ಅದರ ಮೇಲೆ ಹೊಸ ಪಾಠವೊಂದು ಕೂರುತ್ತದೆ. ಆದ್ದರಿಂದ ಭಯ ಮರಳಿದ್ದು ಸೋಲಿನ ಸಾಕ್ಷಿಯಲ್ಲ. ಮುಂದಿನ ವಾರ ಗೋಷ್ಠಿಯಲ್ಲಿ ಮಾತಾಡಲಿಲ್ಲ. ಒಂದು ಪ್ರಶ್ನೆ ಕೇಳಿದೆ. ಅದೇ ನಡುವಿನ ಮೆಟ್ಟಿಲು.

ಅದೇ ಗೋಷ್ಠಿಯಲ್ಲಿ ತೊದಲುವ ಸಹಸಂಶೋಧಕರೊಬ್ಬರು ಒಂದೊಂದು ಪದಕ್ಕೂ ತಡವರಿಸುತ್ತ, ಆದರೆ ಅವಸರಪಡದೆ, ಇಪ್ಪತ್ತು ನಿಮಿಷ ಮಾತಾಡಿದರು. ಯಾರೂ ಸಾಯಲಿಲ್ಲ. ಆತ್ಮವಿಶ್ವಾಸದ ಮೂಲಗಳಲ್ಲಿ ನಮ್ಮಂಥವರು ಮಾಡುವುದನ್ನು ನೋಡುವುದೂ ಒಂದು ಎಂದು ಆಲ್ಬರ್ಟ್ ಬಂಡೂರ 1977ರಲ್ಲಿ ಬರೆದ. ನಿರರ್ಗಳ ಭಾಷಣಕಾರರನ್ನು ಕೇಳಿ ನನಗೆ ಎಂದೂ ಧೈರ್ಯ ಬಂದಿರಲಿಲ್ಲ. ಬಂದದ್ದು ಇವರಿಂದ.

ಮಂಡನೆ ಆಯಿತು. ಕೈ ನಡುಗುತ್ತಿತ್ತು, ಕಾಗದ ಸದ್ದು ಮಾಡದಿರಲೆಂದು ಅದನ್ನು ಮೇಜಿನ ಮೇಲಿಟ್ಟೆ. ಇಪ್ಪತ್ತೈದು ನಿಮಿಷ ಮಾತಾಡಿದೆ. ಅವ್ವನಿಗೆ ಫೋನ್ ಮಾಡಿ ‘ಗಂಟ್ಲು ಕಟ್ನಿಲ್ಲ’ ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಈ ಬರಹವನ್ನು ಇಲ್ಲಿಗೆ ನಿಲ್ಲಿಸಿದರೆ ಇದೊಂದು ಯಶಸ್ಸಿನ ಕಥೆ. ಆದರೆ ಆಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೀಗೆ ಪಳಗಿಸಿ ತಂದ ಧೈರ್ಯ ನನ್ನದೇ? ಸದ್ದಿಗೆ ಜೊಲ್ಲು ಸುರಿಸಲು ಕಲಿತ ನಾಯಿಯನ್ನು ಹೊಗಳುವುದಿಲ್ಲ. ಮೈಕಿಗೆ ಬೆವರದಿರಲು ಕಲಿತ ನನ್ನನ್ನು ಹೊಗಳುವುದೇಕೆ?

ಅರಿಸ್ಟಾಟಲ್ ಇದ್ದಿದ್ದರೆ ಈ ಪ್ರಶ್ನೆಯಿಂದ ಅವನಿಗೆ ತೊಂದರೆಯಾಗುತ್ತಿರಲಿಲ್ಲ. ಮನೆ ಕಟ್ಟುತ್ತ ಮನೆ ಕಟ್ಟುವವರಾಗುವಂತೆ, ಧೈರ್ಯದ ಕೆಲಸ ಮಾಡುತ್ತ ಧೈರ್ಯವಂತರಾಗುತ್ತೇವೆ ಎಂಬುದು ಅವನ ನೀತಿಶಾಸ್ತ್ರದ ಬುನಾದಿ. ಸದ್ಗುಣ ಅಭ್ಯಾಸದಿಂದಲೇ ಬರುವುದಾದರೆ ‘ಅಭ್ಯಾಸದಿಂದ ಬಂತು’ ಎಂಬುದು ದೂರಾಗಲಾರದು. ಆದರೂ ಅವನ ಅಭ್ಯಾಸಕ್ಕೂ ಪ್ರಯೋಗಾಲಯದ ಅಭ್ಯಾಸಕ್ಕೂ ಒಂದು ವ್ಯತ್ಯಾಸ ಕಾಣುತ್ತದೆ. ನಾಯಿಗೆ ಮೆಟ್ರೊನೋಮನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಆಲ್ಬರ್ಟನನ್ನು ಯಾರೂ ಕೇಳಲಿಲ್ಲ. ನನ್ನ ಏಣಿಯನ್ನು ಬರೆದವಳೂ ನಾನೇ, ಹತ್ತಿದವಳೂ ನಾನೇ. ಪಳಗುವವರೇ ಪಳಗಿಸುವವರೂ ಆಗಿದ್ದು, ಯಾಕೆ ಪಳಗಬೇಕೆಂದು ಅವರಿಗೆ ಗೊತ್ತಿದ್ದರೆ, ಅದನ್ನು ಶಿಸ್ತು ಎನ್ನಬಹುದು.

‘ಯಾಕೆ’ ಎಂಬುದರಲ್ಲಿಯೇ ಎಲ್ಲ ಇದೆ ಅನ್ನಿಸುವುದು ಗಾಂಧಿಯ ಆತ್ಮಕಥೆ ಓದಿದಾಗ. ಲಂಡನ್ನಿನಲ್ಲಿ ಸಸ್ಯಾಹಾರಿಗಳ ಕೂಟದಲ್ಲಿ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಬ್ಯಾರಿಸ್ಟರ್ ಆಗಿ ಮುಂಬಯಿಗೆ ಬಂದು, ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕೂತುಬಿಟ್ಟರು; ಮೂವತ್ತು ರೂಪಾಯಿ ಶುಲ್ಕವನ್ನು ಹಿಂದಿರುಗಿಸಿದರು. ಅದೇ ಗಾಂಧಿ 1893ರಲ್ಲಿ ಪ್ರಿಟೋರಿಯಾದ ಭಾರತೀಯರನ್ನು ಸೇರಿಸಿ ವ್ಯಾಪಾರದಲ್ಲಿ ಸತ್ಯದ ಬಗ್ಗೆ ಮಾತಾಡಿದರು. ಅದನ್ನೇ ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಎಂದು ಹೇಳಿಕೊಂಡಿದ್ದಾರೆ. ಅವರ ಹತ್ತಿರ ಏಣಿ ಇರಲಿಲ್ಲ; ಹೇಳಲೇಬೇಕಾದ ಮಾತು ಇತ್ತು. ಇನ್ನೂ ಸೋಜಿಗವೆಂದರೆ, ತಮ್ಮ ಸಂಕೋಚವನ್ನು ಅವರು ಪೂರ್ತಿ ದೂರಲಿಲ್ಲ. ಅದು ತಮಗೆ ಮಾತಿನಲ್ಲಿ ಮಿತವ್ಯಯ ಕಲಿಸಿತು, ಯೋಚಿಸದೆ ಆಡುವುದನ್ನು ತಪ್ಪಿಸಿತು ಎಂದು ಬರೆದರು.

ಇಲ್ಲಿ ನನ್ನ ಗೆಳತಿಯ ಶಾಸ್ತ್ರ ಕೇಳದ ಪ್ರಶ್ನೆಯೊಂದಿದೆ. ಎಲ್ಲ ಭಯವೂ ಹೋಗಬೇಕೇ? ವೋಲ್ಪೆಯ ಏಣಿ ಯಾವ ಭಯವನ್ನಾದರೂ ಇಳಿಸಬಲ್ಲದು. ಯಾವ ಭಯ ಇಳಿಯತಕ್ಕದ್ದು ಎಂದು ಅದು ಹೇಳುವುದಿಲ್ಲ. ಸುಳ್ಳು ಹೇಳಲು ಹೆದರುವವನನ್ನೂ ಅದೇ ಏಣಿಯಲ್ಲಿ ಹತ್ತಿಸಿ ಸರಾಗ ಸುಳ್ಳುಗಾರನನ್ನಾಗಿ ಮಾಡಬಹುದು. ಮೈಕು ಕಂಡರೆ ಎಳ್ಳಷ್ಟೂ ಅಳುಕದವರನ್ನು ನಾವು ದಿನವೂ ಟೀವಿಯಲ್ಲಿ ನೋಡುತ್ತೇವೆ. ಅವರನ್ನು ಧೈರ್ಯವಂತರು ಎನ್ನಲು ಮನಸ್ಸು ಬರುವುದಿಲ್ಲ. ಹೆದರಬೇಕಾದುದಕ್ಕೆ, ಹೆದರಬೇಕಾದಷ್ಟು ಹೆದರುವುದೂ ಧೈರ್ಯದ ಭಾಗ ಎಂಬ ಅರಿಸ್ಟಾಟಲನ ಎಚ್ಚರಿಕೆ ಈ ಕಾರಣಕ್ಕೇ ಇದ್ದೀತು.

ನನ್ನ ಭಯವನ್ನು ಬಿಡಿಸಿ ನೋಡಿದರೆ ಎರಡು ಎಳೆ ಸಿಕ್ಕವು. ಒಂದು, ಓದದೆ ಮಾತಾಡಿಬಿಟ್ಟೇನೇ, ಕೇಳುವವರ ಹೊತ್ತು ಹಾಳುಮಾಡೇನೇ ಎಂಬ ಅಳುಕು. ಇದು ಇರಲಿ. ಇನ್ನೊಂದು, ‘ಹ’ ಎಂಬ ಒಂದು ಅಕ್ಷರದ ಭಯ. ಇದು ಹೋಗಬೇಕು. ಆದರೆ ಹೇಗೆ ಹೋಗಬೇಕು?

ಈ ಎರಡನೆಯದರಲ್ಲಿ ನಾನು ಎಡವಿದ್ದೆ. ನನ್ನ ಏಣಿಯ ಮೊದಲ ಮೆಟ್ಟಿಲಿನ ಪಕ್ಕದಲ್ಲಿ ನಾನೇ ಬರೆದಿದ್ದೆ: ‘ಹಕಾರ ಸರಿಮಾಡಿಕೊಳ್ಳಬೇಕು.’ ಕನ್ನಡಿಯ ಮುಂದೆ ಹಾಲು, ಹೂವು, ಹಣ್ಣು ಎಂದು ಉಸಿರು ಬಿಟ್ಟು ಬಿಟ್ಟು ಹೇಳಿದ್ದೆ. ‘ಆದರದ ಸ್ವಾಗತ’ ‘ಹಾದರದ ಸ್ವಾಗತ’ ಆಗುವ ಹಾಸ್ಯ ಭಾಷಣದ ಜೋಕಿಗೆ ಎಲ್ಲರ ಜೊತೆ ನಕ್ಕು, ಆ ರಾತ್ರಿ ನನ್ನ ಎಲ್ಲ ಅಕಾರಗಳನ್ನೂ ಪರೀಕ್ಷಿಸಿಕೊಂಡಿದ್ದೆ. ಕನ್ನಡ ಸಂಶೋಧಕಿಯಾದ ನನಗೆ ಹಳಗನ್ನಡದ ಪಾಲ್ ನಡುಗನ್ನಡದಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು ಎಂಬುದು ಗೊತ್ತಿತ್ತು. ಪಕಾರ ಸಡಿಲಗೊಂಡು ಹಕಾರ. ಅದು ಇನ್ನೂ ಸಡಿಲಗೊಂಡು ನಮ್ಮೂರಿನಲ್ಲಿ ಅಕಾರ. ಒಂದೇ ದಾರಿಯ ಎರಡು ಹೆಜ್ಜೆ. ಮೊದಲ ಹೆಜ್ಜೆಯನ್ನು ಭಾಷಾ ಇತಿಹಾಸ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಎರಡನೆಯದನ್ನು ನನ್ನ ದೋಷ ಎಂದು ಕನ್ನಡಿಯ ಮುಂದೆ ತಿದ್ದುತ್ತಿದ್ದೆ. ಹಾಲು ಎನ್ನುವವರನ್ನು ಕಂಡು ಪಂಪನ ಊರಿನವರು ನಕ್ಕಿದ್ದರೆ?

ವರ್ತನವಾದಕ್ಕೆ ಕಣ್ಣು ಇರುವುದು ಹೆದರಿದವರ ಕಡೆಗೆ. ಚಿಕಿತ್ಸೆ ಅವರಿಗೆ, ಏಣಿ ಅವರಿಗೆ. ಆದರೆ ಅದರದೇ ನಿಯಮವನ್ನು ಹಾಲಿನ ಕಡೆ ತಿರುಗಿಸಿದರೆ ಬೇರೆ ಚಿತ್ರ ಕಾಣುತ್ತದೆ. ಅಂದು ಮೊದಲು ಕಿಸಕ್ಕೆಂದವನಿಗೆ ಇಡೀ ಹಾಲ್ ನಕ್ಕು ಬಹುಮಾನ ಕೊಟ್ಟಿತು. ತೀರ್ಪುಗಾರರ ಕರವಸ್ತ್ರ ಆ ನಗುವಿಗೆ ಮುದ್ರೆ ಒತ್ತಿತು. ನಾನು ಒಂದು ಪಾಠ ಕಲಿತ ಹೊತ್ತಿನಲ್ಲೇ ನೂರು ಮಕ್ಕಳು ಇನ್ನೊಂದು ಪಾಠ ಕಲಿತರು: ಯಾರ ಮಾತಿಗೆ ನಗಬಹುದು ಎಂಬ ಪಾಠ. ನನ್ನದನ್ನು ಕಳಚಲು ನನಗೆ ಏಳು ತಿಂಗಳು ಹಿಡಿಯಿತು. ಅವರದ್ದನ್ನು ಕಳಚಲು ಯಾರೂ ಏಣಿ ಹಾಕಿಲ್ಲ. ಕಲಿತ ಭಯವನ್ನು ಹೆದರಿದವರ ಖಾಸಗಿ ಕಾಯಿಲೆಯೆಂದು ಎಣಿಸಿದ ಕೂಡಲೇ ಕಲಿಸಿದವರು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾರೆ.

ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯಲು ನನಗೆ ಹಕ್ಕಿದೆಯೇ ಎಂಬುದು ಬೇರೆ ಮಾತು. ಈ ವರ್ಷ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ ನಾಲ್ಕು ಗಂಟೆ ಪಾಠ ಮಾಡುತ್ತಿದ್ದೇನೆ. ಜನರ ಮುಂದೆ ನಿಲ್ಲುವುದು ಈಗ ಕೆಲಸ. ಸೆಮಿಸ್ಟರಿನ ಮೂರನೇ ವಾರ ಒಬ್ಬ ಹುಡುಗ ಪಠ್ಯವನ್ನು ಗಟ್ಟಿಯಾಗಿ ಓದುತ್ತ ‘ಹರಿಹರನ ರಗಳೆಗಳು’ ಎಂಬುದನ್ನು ‘ಅರಿಅರನ ರಗಳೆಗಳು’ ಎಂದ. ತರಗತಿ ನಕ್ಕಿತು. ನಾನು ಏನು ಮಾಡಿದೆ? ನಾನೂ ಸ್ವಲ್ಪ ನಕ್ಕೆ. ‘ಹ-ರಿ-ಹ-ರ’ ಎಂದು ಬಿಡಿಸಿ ಹೇಳಿ, ‘ಇನ್ನೊಮ್ಮೆ ಓದಪ್ಪ’ ಎಂದೆ. ಅವನು ಓದಿದ. ಮುಂದಿನ ವಾರ ಅವನು ಎರಡನೇ ಬೆಂಚಿನಿಂದ ಕೊನೆಯ ಬೆಂಚಿಗೆ ಹೋಗಿದ್ದ.

ಆ ನಗು ಎಲ್ಲಿಂದ ಬಂತೆಂದು ಬಹಳ ಯೋಚಿಸಿದ್ದೇನೆ. ಅವನನ್ನು ಕೀಳಾಗಿ ಕಂಡು ಬಂದದ್ದಲ್ಲ. ತರಗತಿ ನಕ್ಕಾಗ ನಗುವವರ ಕಡೆ ನಿಂತುಬಿಟ್ಟರೆ ನಗೆಗೀಡಾಗುವ ಭಯವಿಲ್ಲ. ಅದೂ ಒಂದು ತಪ್ಪಿಸಿಕೊಳ್ಳುವಿಕೆಯೇ. ಅದಕ್ಕೂ ಆ ಹಗುರದ ಬಹುಮಾನವಿದೆ. ಹತ್ತು ಮೆಟ್ಟಿಲು ಹತ್ತಿದೆನೆಂದು ಬೀಗುತ್ತಿದ್ದ ನಾನು ಹತ್ತಿ ನಿಂತದ್ದು ತೀರ್ಪುಗಾರರ ಕುರ್ಚಿಯ ಪಕ್ಕದಲ್ಲಿ. ಮೈಕಿನ ಭಯ ಹೋಗಿತ್ತು. ನಗುವಿನ ಭಯ ಹೋಗಿರಲಿಲ್ಲ.

ಅವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ‘ಅವತ್ತು ನಾನು ನಗಬಾರದಿತ್ತು, ತಪ್ಪಾಯ್ತು’ ಅಂದೆ. ‘ಪರ್ವಾಗಿಲ್ಲ ಮೇಡಂ’ ಅಂದ. ಪರವಾಗಿಲ್ಲ ಎನ್ನುವುದು ಹೇಗೆಂದು ನನಗೂ ಗೊತ್ತು. ಅದರ ಮರುದಿನ ಪಕಾರ ಹಕಾರವಾದ ಪಾಠವಿತ್ತು. ಹಕಾರ ಅಕಾರವಾದ ಕಥೆಯನ್ನೂ ಸೇರಿಸಿ, ಉದಾಹರಣೆಗೆ ನಮ್ಮೂರಿನ ವಾಕ್ಯವನ್ನೇ ಕೊಟ್ಟೆ: ‘ನಮ್ಮ ಅಳ್ಳಿ ಅಳ್ದಲ್ಲಿ ಇಂದೆ ನೀರರೀತಿತ್ತು.’ ಕೆಲವರು ನಕ್ಕರು. ನಾನು ನಗಲಿಲ್ಲ, ನಗು ಮುಗಿಯುವವರೆಗೂ ಅಲ್ಲೇ ನಿಂತಿದ್ದೆ. ಎದೆ ಏಳನೇ ತರಗತಿಯಲ್ಲಿ ಹೊಡೆದುಕೊಂಡಂತೆಯೇ ಹೊಡೆದುಕೊಂಡಿತು. ಆಮೇಲೆ ಎರಡನೇ ವಾಕ್ಯ ಹೇಳಿದೆ.

ಅವನು ಇನ್ನೂ ಕೊನೆಯ ಬೆಂಚಿನಲ್ಲೇ ಇದ್ದಾನೆ. ಸೆಮಿಸ್ಟರ್ ಮುಗಿಯಲು ಐದು ವಾರವಿದೆ. ಪ್ರತಿ ತರಗತಿಯಲ್ಲೂ ಯಾರಾದರೂ ಓದುವಿರಾ ಎಂದು ಕೇಳುತ್ತೇನೆ, ಹೆಸರು ಹಿಡಿದು ಕರೆಯುವುದಿಲ್ಲ. ಯಾರೇ ಓದಲಿ, ಮುಗಿಯುವವರೆಗೆ ತಿದ್ದುವುದಿಲ್ಲ. ತರಗತಿಯ ನಗು ಈಗ ಮೊದಲಿಗಿಂತ ಕಡಿಮೆ. ಅವನು ಕೈ ಎತ್ತುತ್ತಾನೋ ಇಲ್ಲವೋ, ಆ ಏಣಿ ಅವನದು. ಕೆಳಗೆ ನಿಂತು ಅಲುಗಾಡದಂತೆ ಹಿಡಿದುಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. ಅದನ್ನು ಈಗ ಮೊದಲ ಮೆಟ್ಟಿಲಿನಿಂದ ಕಲಿಯುತ್ತಿದ್ದೇನೆ.